ಸೇವೆ ಮಾಡುವವರ ತಲೆಗೂ ಎಣ್ಣೆ

ತಂದೆತಾಯಿಗಳ ಸೇವೆಯನ್ನು ಮಾಡತಕ್ಕದ್ದೆಂದು ಅಶೋಕರಾಜನು ನಮ್ಮ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯಲ್ಲಿ ಕೆತ್ತಿಸಿದ್ದನ್ನು ರೈಸ್ ದೊರೆಯವರು ಕಂಡುಹಿಡಿದರು. ಆ ಋಣವನ್ನು ನಾವೆಲ್ಲರೂ ಬಲ್ಲೆವು. ಆದರೆ ಹಾಸಿಗೆ ಹಿಡಿದ ತಾಯಿಯ ತಲೆಯನ್ನು ದಿನವೂ ಬಾಚುವ ಮಗಳು ತನ್ನ ತಲೆಗೆ ಎಣ್ಣೆ ಮುಟ್ಟಿಸದೆ, ಉಟ್ಟ ಸೀರೆಯಲ್ಲೇ ವಾರ ಕಳೆದರೆ ನಾವು ಅದನ್ನು ಭಕ್ತಿಯೆಂದು ಹೊಗಳುತ್ತೇವೆ. ಜಡೆ ಹೆಣೆದುಕೊಂಡು ಹೊರಗೆ ಬಂದಳೋ, ತಾಯಿ ಹೀಗಿರುವಾಗ ಇವಳಿಗೆ ಶೃಂಗಾರವೇ ಅನ್ನುತ್ತೇವೆ. ಇದು ನಮ್ಮದೇ ಪಾಪವು. ಉಪವಾಸ ಮಾಡುವವನು ಸಹ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕೆಂದು ಕರ್ತನು ಬೆಟ್ಟದ ಮೇಲೆ ಕಲಿಸಲಿಲ್ಲವೇ? ಉಗುರು ಕತ್ತರಿಸದ ಕೈಯಿಂದ ಹುಣ್ಣು ತೊಳೆದರೆ ರೋಗಿಗೂ ಕೇಡು. ನೆರೆಮನೆಯ ಅಕ್ಕಂದಿರೇ, ಈ ಶನಿವಾರ ಒಂದು ಗಳಿಗೆ ಆ ಮುದುಕಮ್ಮನ ಬಳಿ ನೀವು ಕೂತುಕೊಳ್ಳಿರಿ. ಮಗಳು ಬಚ್ಚಲಿಗೆ ಹೋಗಿ ನಿಧಾನವಾಗಿ ತಲೆಗೆ ನೀರು ಹಾಕಿಕೊಳ್ಳಲಿ.