ಹೂಂಗುಟ್ಟುವ ಗೆಳೆಯ

1966ರಲ್ಲಿ ಅಮೆರಿಕದ ಎಂಐಟಿಯ ಪ್ರೊಫೆಸರ್ ಜೋಸೆಫ್ ವೈಜೆನ್‌ಬಾಮ್ ‘ಎಲಿಝಾ’ ಅನ್ನೋ ಪ್ರೋಗ್ರಾಂ ಪ್ರಕಟಿಸಿದರು. ‘ನನಗೆ ಬೇಜಾರಾಗಿದೆ’ ಅಂದರೆ ‘ಯಾಕೆ ಬೇಜಾರಾಗಿದೆ?’ ಅಂತ ನಿಮ್ಮ ಮಾತನ್ನೇ ತಿರುಗಿಸಿ ಕೇಳೋದು, ಅಷ್ಟೇ ಅದರ ಕೆಲಸ. ಅದು ತಯಾರಾಗೋದನ್ನ ಕಣ್ಣಾರೆ ಕಂಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ನಾಲ್ಕು ಮಾತಾಡುವಷ್ಟರಲ್ಲಿ, ಸ್ವಲ್ಪ ಆಚೆ ಹೋಗಿ ಅಂತ ಅವರನ್ನೇ ಕೇಳಿಕೊಂಡರಂತೆ.

ಈಗಿನ ಎಐ ಎಲಿಝಾಗಿಂತ ಸಾವಿರ ಪಾಲು ಜಾಣ. 2025ರ ಆಗಸ್ಟ್‌ನಲ್ಲಿ ಚಾಟ್‌ಜಿಪಿಟಿಯ 4ಒ ಮಾದರಿಯನ್ನ ತೆಗೆದಾಗ ಎಷ್ಟೋ ಜನ ಗೆಳೆಯನನ್ನೇ ಕಳೆದುಕೊಂಡ ಹಾಗೆ ಸಂಕಟಪಟ್ಟರು. ಕೆಲವೇ ದಿನಗಳಲ್ಲಿ, ದುಡ್ಡು ಕೊಡುವವರಿಗೆ, ಕಂಪನಿ ಅದನ್ನ ವಾಪಸ್ ತಂದಿತು. ಅದೇ ಮಾದರಿ ಬಳಕೆದಾರರನ್ನ ಅತಿಯಾಗಿ ಹೊಗಳುತ್ತಿದೆ ಅಂತ ಏಪ್ರಿಲ್‌ನಲ್ಲಿ ಒಂದು ಅಪ್‌ಡೇಟನ್ನ ಹಿಂದಕ್ಕೆ ಪಡೆದಿದ್ದೂ ಅದೇ ಕಂಪನಿ!

ನನ್ನ ಸುತ್ತಲಿನವರು ಈಗ ಕೋಡ್ ಒಂದನ್ನೇ ಅಲ್ಲ, ‘ಕೆಲಸ ಬಿಡ್ಲಾ?’, ‘ಇವನನ್ನ ಮದುವೆ ಆಗ್ಲಾ?’ ಅಂತಲೂ ಅದನ್ನೇ ಕೇಳ್ತಾರೆ. ತಪ್ಪು ಅಂತ ಥಟ್ಟನೆ ಹೇಳಲಾರೆ. ರಾತ್ರಿ ಎರಡು ಗಂಟೆಗೆ ಯಾರನ್ನ ಎಬ್ಬಿಸೋದು? ಥೆರಪಿಸ್ಟ್ ಫೀಸು ಎಲ್ಲರ ಕೈಗೆ ಎಟುಕುತ್ತಾ?

ಆದರೆ ಇದೇ ಪ್ರಶ್ನೆಯನ್ನ ಅಕ್ಕನಿಗೆ ಕೇಳಿದರೆ ‘ತಲೆ ಕೆಟ್ಟಿದೆಯಾ ನಿಂಗೆ?’ ಅಂತಾಳೆ. ಆ ಮಾತಿಗೆ ತೂಕ ಬರೋದು ಅವಳು ಎಐಗಿಂತ ಬುದ್ಧಿವಂತೆ ಅಂತಲ್ಲ. ಅವಳಿಗೆ ನನ್ನ ಹಳೇ ಹಟಗಳೆಲ್ಲ ಗೊತ್ತು. ನಾಳೆ ನನ್ನ ನಿರ್ಧಾರ ಕೆಟ್ಟರೆ ಅದರ ಬಿಸಿ ಅವಳಿಗೂ ತಟ್ಟುತ್ತೆ. ಯಂತ್ರಕ್ಕೆ ಗೊತ್ತಿರೋದು ನಾನು ಟೈಪ್ ಮಾಡಿದ, ನನ್ನ ಕಡೆಯ ಕಥೆ ಮಾತ್ರ. ನಾನು ಗೆದ್ದರೂ ಸೋತರೂ ಅದು ಕಳೆದುಕೊಳ್ಳೋದು ಏನೂ ಇಲ್ಲ.

ಕಂಪ್ಯೂಟರಿಗೆ ಸಾಧ್ಯವಾದರೂ ಅದಕ್ಕೆ ಒಪ್ಪಿಸಬಾರದ ಕೆಲಸಗಳಿವೆ ಅಂತ ವೈಜೆನ್‌ಬಾಮ್ 1976ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ನನಗೆ ತಕ್ಷಣ ಹೊಳೆಯೋ ಉದಾಹರಣೆ, ಕ್ಷಮೆ ಕೇಳೋದು. ಎಐ ಬರೆದ ‘ಸಾರಿ’ ನನ್ನದಕ್ಕಿಂತ ಚೆನ್ನಾಗಿರಬಹುದು. ಆದರೆ ಪದ ಸಿಗದೆ ಒದ್ದಾಡ್ತೀವಲ್ಲ, ಆಗಲೇ ನಾವು ಏನು ಮಾಡಿದ್ವಿ ಅನ್ನೋದು ನಮಗೆ ಅರ್ಥವಾಗೋದು. ಆ ಒದ್ದಾಟವನ್ನ ಹೊರಗುತ್ತಿಗೆ ಕೊಟ್ಟರೆ ಮೆಸೇಜ್ ಹೋಗುತ್ತೆ, ಕ್ಷಮೆ ಕೇಳಿದ ಹಾಗಾಗಲ್ಲ.

ಹಾಗಾಗಿ ನಾನೊಂದು ಗೆರೆ ಎಳೆದುಕೊಂಡಿದ್ದೇನೆ. ಉತ್ತರದ ಪರಿಣಾಮವನ್ನ ಇನ್ನೊಬ್ಬರೂ ಅನುಭವಿಸಬೇಕು ಅಂತಿದ್ದರೆ, ಮೊದಲು ಅವರನ್ನೇ ಕೇಳೋದು. ಮುಜುಗರ ಆಗುತ್ತೆ, ಅವರು ‘ಬೇಡ’ ಅಂದುಬಿಡಬಹುದು. ಎಐ ಎದುರು ಈ ಎರಡೂ ಭಯ ಇಲ್ಲ. ಅದರ ಹತ್ತಿರ ಓಡೋ ಮೊದಲು, ನಾನು ಸಲಹೆ ಹುಡುಕ್ತಾ ಇದ್ದೀನಾ, ‘ಹೂಂ’ ಅನ್ನೋರನ್ನ ಹುಡುಕ್ತಾ ಇದ್ದೀನಾ ಅಂತ ಕೇಳಿಕೊಳ್ಳೋದು ಒಳ್ಳೇದು.