ಹತ್ತನೇ ನಂಬರಿನ ಸ್ಕ್ರೂ

ಕೂಡುವುದು ಬೇರೆ, ಹೊಂದುವುದು ಬೇರೆ ಅಂತ ನನ್ನ ವಾದ. ಎರಡೂ ಒಂದೇ ಅಂತ ಮುಂಬಯಿಯ ವಾದ. ಈ ಊರಿನ ತತ್ವಶಾಸ್ತ್ರವೆಲ್ಲ ‘ಚಲ್ ಜಾಯೇಗಾ’ ಎಂಬ ಎರಡು ಶಬ್ದಗಳಲ್ಲಿ ಮುಗಿದುಬಿಡುತ್ತದೆ. ಮೂರು ಜನರ ಲೋಕಲ್ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತು, ಅರ್ಧ ನಿಂತು ಡೊಂಬಿವಲಿಯಿಂದ ಮೂವತ್ತು ವರ್ಷ ಓಡಾಡಿದ ನಾನು ಆ ಶಬ್ದಗಳನ್ನು ಹಗುರಾಗಿ ಕಾಣುವಂತಿಲ್ಲ. ಆದರೂ ಎಲ್ಲಿಯವರೆಗೆ ‘ಚಲ್ ಜಾಯೇಗಾ’, ಎಲ್ಲಿಂದ ಮುಂದೆ ಇಲ್ಲ ಎಂಬ ಪ್ರಶ್ನೆಯನ್ನು ಒಂದು ಸಾಸಿವೆಯಂಥ ಸ್ಕ್ರೂ ನನ್ನ ಮುಂದಿಟ್ಟಿತು.

ನಮ್ಮ ತಂದೆ ಧಾರವಾಡದ ಕಡೆ ಪಿ.ಡಬ್ಲ್ಯು.ಡಿ.ಯಲ್ಲಿ ಓವರ್‌ಸಿಯರ್ ಆಗಿದ್ದರು. ಅವರದೊಂದು ಹಿತ್ತಾಳೆಯ ದಿಕ್ಸೂಚಿ, ಇಂಗ್ಲೆಂಡಿನಲ್ಲಿ ಮಾಡಿದ್ದು, ನನ್ನ ಹತ್ತಿರ ಇದೆ. ಗಾಜು ಹಿಡಿದಿರುವ ಬಳೆಗೆ ನಾಲ್ಕು ಸ್ಕ್ರೂ. ಈಗ ಇರುವುದು ಮೂರು. ಹುಬ್ಬಳ್ಳಿಯಲ್ಲಿ ತಮ್ಮನ ಮಗಳು ಸಿವಿಲ್ ಓದುತ್ತಾಳೆ. ‘ದೊಡ್ಡಪ್ಪಾ, ಅಜ್ಜಾರ ಕಂಪಾಸು ನನಗ ಬೇಕು’ ಅಂದಿದ್ದಾಳೆ. ಮುರುಕು ವಸ್ತು ಕೊಡುವುದು ಹೇಗೆ?

ಉಳಿದ ಮೂರರಲ್ಲಿ ಒಂದನ್ನು ಬಿಚ್ಚಿ ಅಳೆದೆ. ಸ್ಕ್ರೂವಿನ ಗುರುತಿಗೆ ಎರಡು ಅಳತೆ ಬೇಕು: ಹೊರಗಿನ ದಪ್ಪ ಮತ್ತು ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ದೂರ, ಅಂದರೆ ಪಿಚ್. ಈ ಸುತ್ತುಗಳಿಗೆ ಮರಾಠಿಯವರು ಆಟೆ ಅಂತಾರೆ, ಹಿಂದಿಯವರು ಚೂಡಿ, ಅಂದರೆ ಬಳೆ. ಎಂಥ ಚೆಂದದ ಹೆಸರು! ಒಂದು ಸುತ್ತು ಕಣ್ಣಿಗೆ ಸಿಗುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಎಣಿಸಿದೆ. ಎಂಟು ಸುತ್ತಿಗೆ 2.8 ಮಿಲಿಮೀಟರ್. ಅಂದರೆ ಪಿಚ್ 0.35. ಕ್ಯಾಲಿಪರ್‌ನಲ್ಲಿ ದಪ್ಪ ಸುಮಾರು 1.7.

ಇಲ್ಲೇ ತೊಡಕು. ಇವತ್ತು ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ‘ಎಂ 1.6’ ಸ್ಕ್ರೂವಿನ ಪಿಚ್ಚೂ 0.35. ದಪ್ಪ ಮಾತ್ರ ಹತ್ತನೇ ಒಂದು ಮಿಲಿಮೀಟರ್ ಕಡಿಮೆ. ನನ್ನದು 10 ಬಿ.ಎ. ಬಿ.ಎ. ಅಂದರೆ ಪದವಿಯಲ್ಲ, ಬ್ರಿಟಿಷ್ ಅಸೋಸಿಯೇಷನ್. 1884ರಲ್ಲಿ ಅವರು ಸಣ್ಣ ಉಪಕರಣಗಳಿಗೆಂದು ಸ್ವಿಸ್ ಪದ್ಧತಿಯನ್ನು ಆಧರಿಸಿ ಒಂದು ಕ್ರಮ ಮಾಡಿದರು. ಸೊನ್ನೆ ನಂಬರಿನ ಪಿಚ್ 1 ಮಿಲಿಮೀಟರ್. ಮುಂದಿನ ಪ್ರತಿ ನಂಬರಿಗೂ ಹಿಂದಿನದರ ಹತ್ತರಲ್ಲಿ ಒಂಬತ್ತು ಪಾಲು. ಇಂಚು ಬಿಡದ ಇಂಗ್ಲಿಷರು ಸಣ್ಣ ಸ್ಕ್ರೂವಿಗೆ ಮಾತ್ರ ಮಿಲಿಮೀಟರಿಗೆ ಶರಣಾದದ್ದು ನನಗೆ ಬಹಳ ಹಿಡಿಸಿತು. ಥ್ರೆಡ್ಡಿನ ಕೋನವೂ ಬೇರೆ: ಇದರದು ನಲವತ್ತೇಳೂವರೆ ಡಿಗ್ರಿ, ಮೆಟ್ರಿಕ್‌ನದು ಅರವತ್ತು.

ಮಸ್ಜಿದ್ ಸ್ಟೇಶನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ಹೋದೆ. ಅಂಗಡಿಯವನು ಡಬ್ಬಿಯಿಂದ ಒಂದು ಎಂ 1.6 ಹೆಕ್ಕಿ ಕೊಟ್ಟ. ಹೋಯಿತು. ಸ್ವಲ್ಪ ಅಲುಗಾಡಿತು. ‘ಚಲ್ ಜಾಯೇಗಾ ಅಂಕಲ್, ಏಕ್ ಬೂಂದ್ ನೇಲ್ ಪಾಲಿಶ್ ಲಗಾ ದೋ.’ ಪಕ್ಕದವನು ಇನ್ನೂ ಉದಾರಿ: ತೂತಿಗೆ ಟ್ಯಾಪ್ ಹೊಡೆದು ಎಂ 2 ಮಾಡಿಬಿಡೋಣ, ಮುಂದೆ ಎಲ್ಲಿ ಬೇಕಾದರೂ ಸ್ಕ್ರೂ ಸಿಗುತ್ತದೆ. ಅವನ ಮಾತಿನಲ್ಲೂ ನ್ಯಾಯವಿದೆ. ನಾವೆಲ್ಲ ಈ ಊರಿಗೆ ಬಂದು ಹಾಗೆ ಟ್ಯಾಪ್ ಹೊಡೆಸಿಕೊಂಡವರೇ. ಮನೆಯಲ್ಲಿ ಮಕ್ಕಳು ಮರಾಠಿ ಧಾಟಿಯ ಕನ್ನಡ ಆಡುತ್ತಾರೆ, ಯಾರೂ ಸತ್ತಿಲ್ಲ. ಆದರೆ ಒಮ್ಮೆ ಕೊರೆದ ಹಿತ್ತಾಳೆ ಮರಳಿ ಬೆಳೆಯುವುದಿಲ್ಲ. ಬೇಡ ಅಂದೆ.

ಮನೆಗೆ ಬಂದು ಆ ಕಪ್ಪು ಸ್ಕ್ರೂ ಬಿಗಿಯುವಾಗ ನೋಡುತ್ತೇನೆ, ದಿಕ್ಸೂಚಿಯ ಮುಳ್ಳು ಮೆಲ್ಲಗೆ ಅದರ ಕಡೆ ಹೊರಳಿತು. ಉಕ್ಕು! ಅಳತೆಯಲ್ಲಿ ಹತ್ತಿರವಿದ್ದದ್ದು ಗುಣದಲ್ಲಿ ಪೂರಾ ಬೇರೆ. ಸಡಿಲವಾದ ಸ್ಕ್ರೂ ಗಲಗಲ ಅಂದು ತನ್ನ ದೋಷ ತಾನೇ ಹೇಳುತ್ತದೆ. ಉಕ್ಕಿನ ಸ್ಕ್ರೂ ಹಾಗಲ್ಲ. ಗಟ್ಟಿಯಾಗಿ ಕೂತು, ನೋಡಲು ಸಭ್ಯವಾಗಿದ್ದು, ಉತ್ತರ ದಿಕ್ಕನ್ನೇ ಸರಿಸಿಬಿಡುತ್ತದೆ. ಬ್ಯಾಂಕಿನಲ್ಲಿ ಟ್ರಯಲ್ ಬ್ಯಾಲೆನ್ಸ್ ಹತ್ತು ಪೈಸೆ ತಪ್ಪಿದರೆ ರಾತ್ರಿ ಒಂಬತ್ತರ ತನಕ ಕೂಡುತ್ತಿದ್ದೆವು. ಆ ಹತ್ತು ಪೈಸೆಗಾಗಿ ಅಲ್ಲ. ತಪ್ಪಿದ್ದು ಕಂಡಿತಲ್ಲ, ಅದು ಒಳ್ಳೆಯದು. ನಮಗೆ ಹೆದರಿಕೆ ಇದ್ದದ್ದು ಎರಡು ತಪ್ಪು ಒಂದಕ್ಕೊಂದು ಹೊಡೆದು ಲೆಕ್ಕ ಸರಿಯಾಗಿ ಕಂಡುಬಿಡುವ ದಿನದ್ದು.

ಹಾಗಾದರೆ ಪೂರಾ ಸರಿ ಇದ್ದದ್ದೇ ಬೇಕೇ? ಅದೂ ಹಟವೇ. 1957ರ ಏಪ್ರಿಲ್ 1ಕ್ಕೆ ನಯೇಪೈಸೆ ಬಂದಾಗ ಒಂದಾಣೆಗೆ ಆರೂಕಾಲು ಪೈಸೆ ಆಗಬೇಕಿತ್ತು. ಕಾಲು ಪೈಸೆಯ ನಾಣ್ಯವೆಲ್ಲಿ? ಆರು ಕೊಟ್ಟು ಮುಗಿಸುತ್ತಿದ್ದರು. ಬಿಡಿಬಿಡಿಯಾಗಿ ಹದಿನಾರಾಣೆ ಕೊಟ್ಟವನಿಗೆ ತೊಂಬತ್ತಾರೇ ಪೈಸೆ. ದೇಶ ನಿಲ್ಲಲಿಲ್ಲ, ಯಾಕೆಂದರೆ ಆ ಕಾಲು ಪೈಸೆ ಹೋದದ್ದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಬಿಟ್ಟ ವ್ಯತ್ಯಾಸವನ್ನು ಸಹಿಸಬಹುದು. ಮುಚ್ಚಿಟ್ಟದ್ದನ್ನು ಸಹಿಸಬೇಕಾದವನು ಮುಂದೆ ಎಂದೋ ಸ್ಕ್ರೂಡ್ರೈವರ್ ಹಿಡಿದು ಬರುವ ಒಬ್ಬ ಅಪರಿಚಿತ. ಅವನು ಮೂರು ಸ್ಕ್ರೂ ನೋಡಿ ನಾಲ್ಕನೆಯದೂ ಅದೇ ಅಂತ ನಂಬುತ್ತಾನೆ. ಅವನ ಸಾಲ ನನ್ನ ಮೇಲೆ ಇದೆಯೋ ಇಲ್ಲವೋ? ಇದೆ ಅಂತಲೇ ನನಗೆ ಅನಿಸುತ್ತದೆ.

ಮತ್ತೆ ನಾಗದೇವಿಗೆ ಹೋಗಿ, ನಾಲ್ಕು ಅಂಗಡಿ ತಿರುಗಿ ಹಿತ್ತಾಳೆಯ ಎಂ 1.6 ತಂದೆ. 10 ಬಿ.ಎ. ಸಿಗಲಿಲ್ಲ. ಮುಳ್ಳು ಅಲುಗಲಿಲ್ಲ. ಫೋನಿನಲ್ಲಿ ತಮ್ಮನಿಗೆ ಈ ಪುರಾಣ ಹೇಳಿದರೆ ಅವನು ನಕ್ಕ: ‘ಅಣ್ಣಾ, ಅಪ್ಪಾ ಇದ್ದಿದ್ರ ದಾರ ಸುತ್ತಿ ಕೂಡಿಸಿ ಸೈಟಿಗೆ ಹೋಗ್ತಿದ್ರು.’ ಹೋಗುತ್ತಿದ್ದರು, ಸುಳ್ಳಲ್ಲ. ದಾರ ಆದರೆ ನೋಡಿದವರಿಗೆಲ್ಲ ಕಾಣುತ್ತದೆ ಅಂದೆ. ‘ನಿನ್ನ ಆಡಿಟ್ ಇನ್ನೂ ಮುಗೀಲಿಲ್ಲ’ ಅಂದ.

ಪೆಟ್ಟಿಗೆಯ ಒಳಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇನೆ: ‘ಮೂರು ಸ್ಕ್ರೂ 10 ಬಿ.ಎ., ಗೆರೆ ಗೀರಿದ ಒಂದು ಎಂ 1.6, ಹಿತ್ತಾಳೆ. ಸ್ವಲ್ಪ ಸಡಿಲ. ಉಕ್ಕಿನದು ಹಾಕಬೇಡಿ.’ ಕೆಳಗೆ ತಾರೀಖು, ರುಜು. ಬರುವ ವಾರ ಹುಬ್ಬಳ್ಳಿಗೆ ಹೋಗುವ ಪರಿಚಯದವರ ಕೈಯಲ್ಲಿ ಕಳಿಸುವುದಿದೆ.