ಹೊರಬೇಕಾದ ಭಾರವೂ ಹೊರಬಾರದ ಭಾರವೂ



ಅಪೊಸ್ತಲನಾದ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದಲ್ಲಿ ಎರಡು ಬುದ್ಧಿಮಾತುಗಳು ಹತ್ತಿರ ಹತ್ತಿರವಾಗಿ ಇವೆ. ಒಬ್ಬನ ಭಾರಕ್ಕೆ ಇನ್ನೊಬ್ಬನು ಹೆಗಲು ಕೊಡಬೇಕೆಂದು ಎರಡನೇ ವಚನದಲ್ಲಿ ಬೋಧಿಸುತ್ತಾನೆ. ಅವನವನ ಹೊರೆಯನ್ನು ಅವನವನೇ ಹೊರತಕ್ಕದ್ದೆಂದು ಐದನೇ ವಚನದಲ್ಲಿ ಬೋಧಿಸುತ್ತಾನೆ. ಇವು ಒಂದಕ್ಕೊಂದು ವಿರೋಧವೋ? ಅಲ್ಲ. ಮೂಲ ಗ್ರೀಕ್ ಭಾಷೆಯಲ್ಲಿ ಅವನು ಬರೆದ ಶಬ್ದಗಳೇ ಬೇರೆ ಬೇರೆ. ಮೊದಲನೆಯದು ಮನುಷ್ಯನನ್ನು ಕುಗ್ಗಿಸುವ ಭಾರ. ಎರಡನೆಯದು ಪ್ರತಿಯೊಬ್ಬನ ಪಾಲಿಗೆ ಬಂದ ಹೊರೆ. ಈ ಭೇದವನ್ನು ತಿಳಿಯಬೇಕಾದರೆ, ಸಾಯಂಕಾಲದಲ್ಲಿ ನಮ್ಮ ಮಕ್ಕಳು ಕೂಡಿ ಕೂತು ಶಾಲೆಯ ಪ್ರಶ್ನೆಗಳಿಗೆ ಉತ್ತರ ಬರೆಯುವದನ್ನು ನೋಡಿರಿ.

ಒಬ್ಬನಿಗೆ ವ್ಯಾಕರಣವು ಸುಲಭ, ರಾಜ್ಯಶಾಸ್ತ್ರವು ಕಷ್ಟ. ಇನ್ನೊಬ್ಬನಿಗೆ ಅದು ತಲೆಕೆಳಗು. ದೇವರು ಎಲ್ಲಾ ವರಗಳನ್ನು ಒಬ್ಬನಿಗೇ ಕೊಡಲಿಲ್ಲ. ಆದಕಾರಣ ಅರಿಯದವನು ಕೇಳುವದು ನಾಚಿಕೆಯಲ್ಲ, ಬಲ್ಲವನು ಬಚ್ಚಿಡುವದೇ ನಾಚಿಕೆ. ಮದ್ರಾಸಿನ ಎಗ್ಮೂರಿನಲ್ಲಿ ಅನಾಥ ಹುಡುಗರ ಶಾಲೆಯನ್ನು ನಡಿಸಿದ ಪಾದ್ರಿ ಆಂಡ್ರೂ ಬೆಲ್ ಸಾಹೇಬರು, ಈ ದೇಶದ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವದನ್ನು ಕಂಡು ಆ ರೀತಿಯನ್ನು ತಮ್ಮ ಶಾಲೆಗೂ ತಂದರು. ಬಲ್ಲ ಹುಡುಗರಿಂದಲೇ ಅರಿಯದ ಹುಡುಗರಿಗೆ ಕಲಿಸಿದರು. 1797ರಲ್ಲಿ ಅದರ ವೃತ್ತಾಂತವನ್ನು ಅಚ್ಚುಹಾಕಿಸಲು, ಮದ್ರಾಸ್ ಕ್ರಮವೆಂಬ ಹೆಸರಿನಿಂದ ಅದು ಇಂಗ್ಲೆಂಡಿನಲ್ಲಿಯೂ ಹಬ್ಬಿತು.

ಆದರೆ ಕಲಿಸುವದು ಬೇರೆ, ಬರೆದುಕೊಡುವದು ಬೇರೆ. ‘ಮಳೆಗಾಲ’ವು ಯಾವ ಸಂಧಿ ಎಂದು ಒಬ್ಬನು ಕೇಳಿದಾಗ, ಆದೇಶಸಂಧಿ ಎಂದು ಗೆಳೆಯನು ಹೇಳಿಬಿಟ್ಟರೆ ಆ ದಿನದ ಕೆಲಸ ತೀರಿತು, ನಾಳೆ ಉಪಾಧ್ಯಾಯರು ‘ಬೆಟ್ಟದಾವರೆ’ಯನ್ನು ಕೇಳಿದರೆ ಅವನು ಬಾಯಿ ತೆರೆಯಲಾರನು. ಗೆಳೆಯನು ಆ ಪದವನ್ನು ಅವನಿಂದಲೇ ಬಿಡಿಸಿ, ‘ಕಾಲ’ದ ಕಕಾರವು ಏನಾಯಿತೆಂದು ಕೇಳಿದರೆ, ಕಕಾರದ ಸ್ಥಾನಕ್ಕೆ ಗಕಾರ ಬಂತೆಂದು ಅವನೇ ಕಾಣುವನು, ‘ತಾವರೆ’ಯ ತಕಾರವು ದಕಾರವಾದದ್ದನ್ನೂ ತಾನಾಗಿ ಹೇಳುವನು. ರಾಜ್ಯಸಭೆಯು ಯಾಕೆ ವಿಸರ್ಜನೆಯಾಗುವದಿಲ್ಲ ಎಂಬ ಪ್ರಶ್ನೆಯೂ ಹಾಗೆಯೇ. ಸ್ಥಿರವಾದ ಸಭೆಯೆಂದು ಬರೆಯಿಸಿದರೆ ಸಾಲದು. ಸದಸ್ಯರ ಅವಧಿ 6 ವರುಷ, 2 ವರುಷಕ್ಕೊಮ್ಮೆ ಸುಮಾರು ಮೂರರಲ್ಲೊಂದು ಪಾಲು ಸದಸ್ಯರು ನಿವೃತ್ತರಾಗುವರು ಎಂದು ತಿಳಿಸಿದರೆ, ಆ ಸಭೆಯು ಒಮ್ಮೆಗೇ ಬರಿದಾಗದೆಂಬದು ಅವನಿಗೆ ತಾನೇ ಹೊಳೆಯುವದು.

ತಿಳಿಯದೆ ಕಂಗೆಡುವದು ಕುಗ್ಗಿಸುವ ಭಾರ. ಅದಕ್ಕೆ ಹೆಗಲು ಕೊಡಿರಿ. ಯೋಚಿಸುವದು ಅವನ ಸ್ವಂತ ಹೊರೆ. ಅದನ್ನು ಪ್ರೀತಿಯ ಹೆಸರಿನಲ್ಲಿಯಾದರೂ ಕಸುಕೊಳ್ಳಬೇಡಿರಿ. 1989ರಿಂದ ನಮ್ಮ ದೇಶದಲ್ಲಿ 18 ವರುಷ ತುಂಬಿದವರಿಗೆ ಮತದ ಹಕ್ಕುಂಟು. ಮತಗಟ್ಟೆಯ ಮರೆಯಲ್ಲಿ ನಿಂತಾಗ ಯಾವ ಗೆಳೆಯನೂ ಪಕ್ಕದಲ್ಲಿ ಇರನು. ಪರರ ಉತ್ತರವನ್ನೇ ನಕಲು ಮಾಡಿ ಬೆಳೆದವನು ಆ ದಿನ ಯಾರ ಮಾತಿಗೆ, ಯಾರ ಹಣಕ್ಕೆ ಬೀಳುವನೋ! ಕಡೇ ದಿನದಲ್ಲಿ ದೇವರ ಮುಂದೆಯೂ ಪ್ರತಿಯೊಬ್ಬನು ತನ್ನ ಲೆಕ್ಕವನ್ನು ತಾನೇ ಒಪ್ಪಿಸಬೇಕಲ್ಲವೇ?

ತಂದೆತಾಯಿಗಳೇ, ನೀವು ಓದು ಬಾರದವರಾದರೂ ಒಂದು ಮಾತು ಕೇಳಬಲ್ಲಿರಿ: “ಮಗುವೇ, ಇದು ಹೀಗೆ ಯಾಕೆ?” ಮಕ್ಕಳಿರಾ, ಕೇಳುವವನನ್ನು ಹಾಸ್ಯಮಾಡಬೇಡಿರಿ, ದಾರಿ ತೋರಿಸಿರಿ, ನಡೆಯುವದನ್ನು ಅವನಿಗೇ ಬಿಡಿರಿ. ಹೀಗೆ ಒಬ್ಬರಿಗೊಬ್ಬರು ಸೇವೆಮಾಡುವ ಮನಸ್ಸನ್ನು ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.